ಮೂರು ಟೀಮ್‌ಗಳ ಗಾಡಿ ಓಡಿಸಿ ನೋಡಿದ ಮೇಲೆ

ಸೀಸನ್ ಮುಗಿದ ವಾರಕ್ಕೇ ಫೋನ್ ಬರೋಕೆ ಶುರುವಾಯಿತು. ಎರಡು ವರ್ಷದಿಂದ ನನ್ನದೇ 600 ಸಿಸಿ ಬೈಕ್, ನನ್ನದೇ ಖರ್ಚು. ಜೊತೆಗೆ ಕೆಲಸಕ್ಕೆ ರಜೆ ಹಾಕಿ ಬರುವ ಒಬ್ಬ ಗೆಳೆಯ, ಅವನೇ ನನ್ನ ಮೆಕ್ಯಾನಿಕ್. ಹೀಗೆ ರೇಸ್ ಮಾಡುತ್ತಿದ್ದವನಿಗೆ ಒಂದೇ ತಿಂಗಳಲ್ಲಿ ಮೂರು ಟೀಮ್‌ನವರು "ಬಂದು ಒಂದ್ಸಲ ಓಡಿಸಿ ನೋಡಿ" ಅಂದರೆ ತಲೆ ತಿರುಗುತ್ತೆ ಅಲ್ವಾ? ಟೀಮ್‌ಗಳ ಹೆಸರು ಬೇಡ. ದೊಡ್ಡದು, ಚಿಕ್ಕದು, ದುಡ್ಡಿನದು ಅಂತ ಕರೆಯುತ್ತೇನೆ.

ದುಡ್ಡಿನ ಟೀಮಿನ ಕಥೆ ಮೊದಲು ಮುಗಿಸಿಬಿಡೋಣ. ಗಾಡಿ ಹೊಚ್ಚ ಹೊಸದು, ಪೆಟ್ಟಿಗೆಯಿಂದ ಈಗಷ್ಟೇ ತೆಗೆದ ಹಾಗೆ ಹೊಳೆಯುತ್ತಿತ್ತು. ಆದರೆ ಟೀಮಿನಲ್ಲಿ ಸೀಟ್ ಬೇಕೆಂದರೆ ಸ್ಪಾನ್ಸರ್‌ನನ್ನು ನಾನೇ ಕರೆತರಬೇಕು. ಇದರಲ್ಲಿ ತಪ್ಪೇನಿಲ್ಲ, ಈ ಆಟದಲ್ಲಿ ಮೇಲಿಂದ ಕೆಳಗಿನವರೆಗೂ ಇದು ನಡೆಯುತ್ತದೆ. ನಾನು ಓಡಿಸಿದ ಬೆಳಗ್ಗೆ ಮಳೆ ಹನಿಯುತ್ತಿತ್ತು. ಹನ್ನೊಂದು ಲ್ಯಾಪ್ ಹೋದೆ, ಮೂರು ಸಲ ಪಿಟ್‌ಗೆ ಬಂದೆ. ಗಾಡಿ ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ. ಸ್ಪಾನ್ಸರ್ ಜೊತೆ ಮಾತು ಎಲ್ಲಿಗೆ ಬಂತು ಅಂತ ಇಬ್ಬರು ಕೇಳಿದರು. ಅಲ್ಲಿಗೆ ಅದು ಮುಗಿಯಿತು.

ನಿಜವಾದ ಪೈಪೋಟಿ ದೊಡ್ಡದಕ್ಕೂ ಚಿಕ್ಕದಕ್ಕೂ.

ಎರಡೂ ಟೀಮ್‌ಗಳ ಟೆಸ್ಟ್ ಒಂದೇ ಟ್ರ್ಯಾಕ್‌ನಲ್ಲಿ, ಒಂದೇ ಕಂಪನಿಯ ಟೈರ್ ಮೇಲೆ ನಡೆಯಿತು. ಆದರೆ ನಡುವೆ ಹದಿನೆಂಟು ದಿನದ ಅಂತರ. ಮೊದಲ ಸಲ ಟ್ರ್ಯಾಕ್ ಬಿಸಿ 38 ಡಿಗ್ರಿ ಇತ್ತು, ಎರಡನೇ ಸಲ 51. ರಸ್ತೆ ಅಷ್ಟು ಕಾದರೆ ಟೈರ್ ಹಿಡಿತ ಬೇರೆ, ಎಂಜಿನ್ ಎಳೆಯೋದು ಬೇರೆ. ಆ ದಿನದ ಟೈಮ್ ಪಕ್ಕ ಈ ದಿನದ ಟೈಮ್ ಇಟ್ಟು ನೋಡಿದರೆ ಮೋಸ ಹೋಗ್ತೀವಿ. ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ಎರಡು ಸಲವೂ ನನ್ನ ಹಳೇ ಗಾಡಿಯನ್ನು ಟ್ರಕ್‌ನಲ್ಲಿ ಹಾಕಿಕೊಂಡು ಹೋದೆ. ಬೆಳಗ್ಗೆ ಮೊದಲು ಅದರಲ್ಲೇ ಎಂಟು ಲ್ಯಾಪ್, ಆಮೇಲೆ ಅವರ ಗಾಡಿ. ದೊಡ್ಡ ಟೀಮಿನವರು ಇದನ್ನು ನೋಡಿ ನಕ್ಕರು. ನಗಲಿ ಬಿಡಿ.

ಸಿಕ್ಕ ಲೆಕ್ಕ ಇದು. ಮೊದಲ ದಿನ ನನ್ನ ಗಾಡಿಯಲ್ಲಿ 1 ನಿಮಿಷ 44.1 ಸೆಕೆಂಡ್, ದೊಡ್ಡ ಟೀಮಿನ ಗಾಡಿಯಲ್ಲಿ 1:42.6. ಬಿಸಿಲಿನ ದಿನ ನನ್ನ ಗಾಡಿಯಲ್ಲಿ 1:44.9, ಚಿಕ್ಕ ಟೀಮಿನ ಗಾಡಿಯಲ್ಲಿ 1:43.4. ಹಳೇ ಗಾಡಿ ಜೊತೆಗೆ ಒಯ್ಯದಿದ್ದರೆ ದೊಡ್ಡವರ ಗಾಡಿ 0.8 ಸೆಕೆಂಡ್ ಜೋರು ಅಂದುಕೊಂಡು ಸಹಿ ಹಾಕಿ ಬರುತ್ತಿದ್ದೆ. ಈಗ ನೋಡಿದರೆ ಎರಡೂ ನನ್ನ ಗಾಡಿಗಿಂತ ಸರಿಯಾಗಿ ಒಂದೂವರೆ ಸೆಕೆಂಡ್ ಮುಂದೆ.

ಹಾಗಾದರೆ ವ್ಯತ್ಯಾಸ ಎಲ್ಲಿ? ಉದ್ದದ ಓಟದಲ್ಲಿ. ಎರಡು ಕಡೆಯೂ ಫುಲ್ ಟ್ಯಾಂಕ್ ಹಾಕಿಸಿ, ಒಂದೇ ಜೊತೆ ಟೈರ್ ಮೇಲೆ ಹದಿನಾಲ್ಕು ಲ್ಯಾಪ್ ಕೇಳಿ ತೆಗೆದುಕೊಂಡೆ. ದೊಡ್ಡ ಟೀಮಿನ ಗಾಡಿ 1:43.0ಕ್ಕೆ ಶುರುವಾಗಿ ಒಂಬತ್ತನೇ ಲ್ಯಾಪ್‌ಗೆ 1:44 ದಾಟಿತು, ಕೊನೆಗೆ 1:44.6. ಚಿಕ್ಕದು 1:43.8ಕ್ಕೆ ಶುರುವಾಗಿ 1:44.2ಕ್ಕೆ ನಿಂತಿತು, ಅದೂ ಆ ಸುಡು ಬಿಸಿಲಿನಲ್ಲಿ. ಒಂದು ಗಾಡಿ 1.6 ಸೆಕೆಂಡ್ ಕಳೆದುಕೊಂಡರೆ ಇನ್ನೊಂದು ಬರೀ 0.4.

ಇದಕ್ಕೆ ಕಾರಣ ಎಂಜಿನ್ ಅಲ್ಲ, ಒಂದು ಸ್ಪ್ರಿಂಗ್.

ನನ್ನ ತೂಕ 74 ಕೆಜಿ. ಲೆದರ್ ಸೂಟ್, ಹೆಲ್ಮೆಟ್, ಬೂಟ್ ಎಲ್ಲ ಸೇರಿದರೆ ಇನ್ನೂ ಹತ್ತು ಕೆಜಿ ಹತ್ತಿರ. ದೊಡ್ಡ ಟೀಮಿನ ಮೊದಲನೇ ರೈಡರ್ 61 ಕೆಜಿ. ಅಲ್ಲಿರುವ ಮೂರು ಗಾಡಿಗೂ ಅವನಿಗೆ ಹೊಂದುವ ಹಿಂದಿನ ಚಕ್ರದ ಸ್ಪ್ರಿಂಗೇ. ಪೂರ್ತಿ ಗೇರ್ ಹಾಕಿ ಕೂತು, ಒಬ್ಬ ಹುಡುಗನ ಕೈಲಿ ಟೇಪ್ ಹಿಡಿಸಿ ಸ್ಯಾಗ್, ಅಂದರೆ ಭಾರಕ್ಕೆ ಗಾಡಿಯ ಹಿಂಭಾಗ ಎಷ್ಟು ಕುಸಿಯುತ್ತೆ ಅನ್ನೋದನ್ನ, ಅಳೆಸಿದೆ. 44 ಮಿಲಿಮೀಟರ್ ಬಂತು. ಸಾಮಾನ್ಯವಾಗಿ 30ರಿಂದ 35ರೊಳಗೆ ಇರಬೇಕು. ಹಿಂದೆ ಅಷ್ಟು ಕುಸಿದು ಕೂತ ಗಾಡಿ ಕಾರ್ನರ್ ಬಿಡುವಾಗ ಥ್ರಾಟಲ್ ಕೊಟ್ಟ ತಕ್ಷಣ ಇನ್ನೂ ಕೂರುತ್ತದೆ. ಮುಂದಿನ ಚಕ್ರ ಹಗುರಾಗುತ್ತದೆ, ಗಾಡಿ ಹೊರಗೆ ಹೊರಗೆ ಹೋಗುತ್ತದೆ. ಅದನ್ನು ಒಳಗೆ ಎಳೆಯೋಕೆ ನಾವು ಥ್ರಾಟಲ್ ಬಿಡುತ್ತೇವೆ, ಇಲ್ಲ ಇನ್ನೂ ಜಾಸ್ತಿ ಬಾಗಿಸುತ್ತೇವೆ. ಹೊಸ ಟೈರ್‌ನಲ್ಲಿ ಇದೆಲ್ಲ ನಡೆದುಹೋಗುತ್ತೆ. ಒಂಬತ್ತನೇ ಲ್ಯಾಪ್ ಹೊತ್ತಿಗೆ ಟೈರ್ ಲೆಕ್ಕ ಕೇಳುತ್ತೆ.

ಸ್ಪ್ರಿಂಗ್ ಬದಲಾಯಿಸಿ ಅಂದೆ. ಅವರು ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಡುವ ತಿರುಪು, ತಿರುಗಿಸಿದರು. ಪ್ರೀಲೋಡ್ ತಿರುಗಿಸಿದರೆ ಗಾಡಿ ಎತ್ತರ ಆಗುತ್ತೆ, ಸ್ಪ್ರಿಂಗ್ ಗಟ್ಟಿಯಾಗಲ್ಲ. ನಾನು ಕೂತಾಗಿನ ಸ್ಯಾಗ್ 35ಕ್ಕೇನೋ ಬಂತು, ಆದರೆ ಬರೀ ಗಾಡಿ ನಿಲ್ಲಿಸಿದರೆ ಅದು ತನ್ನ ತೂಕಕ್ಕೆ ಇಳಿಯುತ್ತಲೇ ಇರಲಿಲ್ಲ. ಬ್ರೇಕ್ ಹಿಡಿದಾಗ ಹಿಂದಿನ ಚಕ್ರ ನೆಲ ಬಿಟ್ಟು ಕುಣಿಯುತ್ತಿತ್ತು.

ಅವರು ಹಟಮಾರಿಗಳು ಅಂತ ಅಲ್ಲ. ಕಾರಣ ಕೇಳಿದಾಗ ಅವರ ಡೇಟಾ ಎಂಜಿನಿಯರ್ ಚೆನ್ನಾಗಿಯೇ ಹೇಳಿದರು. ಮೂರು ಗಾಡಿಯೂ ಒಂದೇ ಸೆಟ್ಟಿಂಗ್‌ನಲ್ಲಿದ್ದರೆ ಒಬ್ಬನ ಡೇಟಾ ಮೇಲೆ ಇನ್ನೊಬ್ಬನ ಡೇಟಾ ಇಟ್ಟು ನೋಡಬಹುದು, ಒಬ್ಬ ಕಲಿತದ್ದು ಮೂವರಿಗೂ ಸಿಗುತ್ತದೆ. ಆ ಮಾತಿನಲ್ಲಿ ಸುಳ್ಳಿಲ್ಲ. ಆ ಮಧ್ಯಾಹ್ನ ಅವರು ಗ್ರಾಫ್‌ನಲ್ಲಿ ನನ್ನ ಲ್ಯಾಪನ್ನು ಮೊದಲನೇ ರೈಡರ್ ಲ್ಯಾಪ್ ಮೇಲೆ ಹಾಕಿ ತೋರಿಸಿದರು. ನೀಲಿ ಗೆರೆ ಅವನದು, ಕೆಂಪು ನನ್ನದು. ನಾಲ್ಕನೇ ಕಾರ್ನರ್‌ಗೆ ನಾನು ಎಂಟು ಮೀಟರ್ ಮೊದಲೇ ಬ್ರೇಕ್ ಹಿಡಿಯುತ್ತಿದ್ದೆ. ಅದು ಗೊತ್ತಿದ್ದ ವಿಷಯವೇ. ಗೊತ್ತಿಲ್ಲದ್ದು ಏನೆಂದರೆ, ಬ್ರೇಕನ್ನು ಪೂರ್ತಿ ಬಿಟ್ಟು, ಥ್ರಾಟಲ್ ಕೊಡುವ ಮುಂಚೆ ಅರ್ಧ ಸೆಕೆಂಡ್ ಸುಮ್ನೆ ಏನೂ ಮಾಡದೆ ಕೂತಿರುತ್ತಿದ್ದೆ. ಅವನ ಗೆರೆಯಲ್ಲಿ ಆ ಖಾಲಿ ಜಾಗವೇ ಇಲ್ಲ. ಬ್ರೇಕ್ ಇಳಿಯುತ್ತಾ ಇಳಿಯುತ್ತಾ ಥ್ರಾಟಲ್ ಏರುತ್ತದೆ. ಎರಡು ಸೀಸನ್ ಓಡಿಸಿ ಕಲಿಯದೇ ಇದ್ದದ್ದು ಆ ಅರ್ಧ ಗಂಟೆಯಲ್ಲಿ ಗೊತ್ತಾಯಿತು. ದೊಡ್ಡ ಟೀಮಿನ ಪರವಾಗಿ ಏನಾದರೂ ಹೇಳಬೇಕಿದ್ದರೆ ಇದನ್ನೇ ಹೇಳುತ್ತೇನೆ, ಅವರ ಮಿರಿಮಿರಿ ಟ್ರಕ್ ಬಗ್ಗೆ ಅಲ್ಲ.

ಚಿಕ್ಕ ಟೀಮಿನಲ್ಲಿ ಡೇಟಾ ದಾಖಲಿಸುವ ಲಾಗರ್ ಇದೆ, ಆದರೆ ಬಡ ಲಾಗರ್. ಸ್ಪೀಡ್, ಆರ್‌ಪಿಎಂ, ಥ್ರಾಟಲ್ ಅಷ್ಟೇ. ಬ್ರೇಕ್ ಪ್ರೆಷರ್ ಸೆನ್ಸರ್ ಇಲ್ಲ. ಗಾಡಿ ಹಿಂದಿನ ಪೀಳಿಗೆಯದು, ಸ್ಟ್ರೇಟ್‌ನಲ್ಲಿ ದೊಡ್ಡವರ ಗಾಡಿಗಿಂತ ಗಂಟೆಗೆ ಆರು ಕಿಲೋಮೀಟರ್ ಕಡಿಮೆ. ಬಿಡಿ ಎಂಜಿನ್ ಒಂದೇ. ಒಂದು ವಾರಾಂತ್ಯಕ್ಕೆ ಹೊಸ ಟೈರ್ ಒಂದೇ ಜೊತೆ, ದೊಡ್ಡವರು ಎರಡು ಜೊತೆ ಕೊಡುತ್ತಾರೆ. ಕಾಗದದ ಮೇಲೆ ಇಟ್ಟು ನೋಡಿದರೆ ಹೋಲಿಕೆಯೇ ಇಲ್ಲ.

ಆದರೆ ನನ್ನ ಗಾಡಿಯ ಎಂಟು ಲ್ಯಾಪ್ ಮುಗಿಸಿ ನಾನು ಹೋದ ತಕ್ಷಣ ಅಲ್ಲಿನ ಚೀಫ್ ಮೆಕ್ಯಾನಿಕ್ ಮಾಡಿದ ಮೊದಲ ಕೆಲಸ ಟೇಪ್ ಹಿಡಿದದ್ದು. "ಪೂರ್ತಿ ಗೇರ್ ಹಾಕ್ಕೊಂಡು ಬಂದು ಕೂತ್ಕೊಳ್ಳಿ" ಅಂದರು. ಅಳೆದರು. ಏನೂ ಮಾತಾಡದೆ ಹಿಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಬಿಚ್ಚಿ ಸ್ಪ್ರಿಂಗ್ ಬದಲಾಯಿಸಿದರು. ಆಮೇಲೆ ಮತ್ತೆ ಅಳೆದರು, 33 ಬಂತು. ಅಷ್ಟು ಹೊತ್ತಿಗೆ ಮೊದಲ ಸೆಷನ್ ಮುಗಿದೇ ಹೋಗಿತ್ತು. ನನಗೆ ಒಳಗೊಳಗೇ ಸಿಟ್ಟು ಬಂತು, ಟ್ರ್ಯಾಕ್ ಟೈಮ್ ಹಾಳಾಯಿತಲ್ಲ ಅಂತ. ಆ ಸಿಟ್ಟು ಹದಿನಾಲ್ಕು ಲ್ಯಾಪ್ ಮುಗಿದಾಗ ಇಳಿಯಿತು.

ಪ್ರತಿ ಸಲ ಪಿಟ್‌ಗೆ ಬಂದಾಗಲೂ ಅವರದು ಅದೇ ಮೂರು ಪ್ರಶ್ನೆ. ಕಾರ್ನರ್ ಒಳಗೆ ಹೋಗುವಾಗ ಹೇಗೆ, ಮಧ್ಯದಲ್ಲಿ ಹೇಗೆ, ಬಿಡುವಾಗ ಹೇಗೆ. ನಾನು "ಒಟ್ಟಾರೆ ಚೆನ್ನಾಗಿಲ್ಲ" ಅಂದರೆ ಬರೆದುಕೊಳ್ಳುತ್ತಲೇ ಇರಲಿಲ್ಲ. ಪೆನ್ ಎತ್ತಿ ಹಿಡಿದು ಕಾಯುತ್ತಿದ್ದರು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿ ಅಂದರೆ "ಆಮೇಲೆ ಯಾವುದರಿಂದ ಸರಿಹೋಯ್ತು ಅಂತ ಯಾರನ್ನ ಕೇಳೋಣ?" ಅನ್ನುತ್ತಿದ್ದರು. ಸೀಟಿನ ಫೋಮ್ 12 ಮಿಲಿಮೀಟರ್ ಏರಿಸಿದ್ದೂ ಅವರದೇ ಐಡಿಯಾ. ನಾನು ಬ್ರೇಕ್ ಹಿಡಿದಾಗ ಮುಂದಕ್ಕೆ ಜಾರಿ, ತೋಳಿನ ಮೇಲೆ ಭಾರ ಹಾಕುತ್ತೇನೆ ಅನ್ನುವುದನ್ನು ಅವರು ಟ್ರ್ಯಾಕ್ ಗೋಡೆಯ ಹತ್ತಿರ ನಿಂತು ಕಂಡುಹಿಡಿದಿದ್ದರು.

ಇದು ಸಣ್ಣ ವಿಷಯ ಅನ್ನಿಸಿದರೆ ಬೈಕ್ ರೇಸಿನ ಅತಿ ಮೇಲಿನ ಮಟ್ಟವಾದ ಮೋಟೋಜಿಪಿಯ ರೈಡರ್ ಲೊರೆಂಜೊನನ್ನು ನೆನಪಿಸಿಕೊಳ್ಳಿ. 2017ರಲ್ಲಿ ಯಮಹಾ ಬಿಟ್ಟು ಡುಕಾಟಿಗೆ ಹೋದರು. ಆ ವರ್ಷ ಒಂದೂ ಗೆಲುವಿಲ್ಲ. 2018ರಲ್ಲಿ ಟ್ಯಾಂಕ್‌ನ ಆಕಾರ ಬದಲಾಯಿಸಿ, ಬ್ರೇಕ್ ಹಿಡಿಯುವಾಗ ಮೈಗೆ ಆಸರೆ ಸಿಗುವ ಹಾಗೆ ಮಾಡಿಕೊಟ್ಟರು. ಇಟಲಿಯ ಮುಜೆಲ್ಲೊದಲ್ಲಿ ಗೆದ್ದರು, ಆಮೇಲೆ ಕ್ಯಾಟಲೂನ್ಯಾ, ಆಸ್ಟ್ರಿಯಾ. ಆದರೆ ಹೊತ್ತು ಮೀರಿತ್ತು. ಮುಂದಿನ ವರ್ಷ ಅವರು ಹೋಂಡಾದಲ್ಲಿದ್ದರು, ಆ ಸೀಸನ್ ಮುಗಿದಾಗ ನಿವೃತ್ತಿಯೂ ಆಯಿತು. ಆ ಟ್ಯಾಂಕ್ ಆರು ತಿಂಗಳು ಮುಂಚೆ ಬಂದಿದ್ದರೆ ಏನಾಗುತ್ತಿತ್ತೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಹಾಗಂತ "ಒಳ್ಳೆ ಮೆಕ್ಯಾನಿಕ್ ಇದ್ದರೆ ಎಲ್ಲ ಸರಿ" ಅಂತ ಹೇಳೋಕೂ ನನಗೆ ಧೈರ್ಯ ಇಲ್ಲ. ಮೋಟೋಜಿಪಿ ರೈಡರ್ ರೊಸ್ಸಿ 2004ರಲ್ಲಿ ಹೋಂಡಾ ಬಿಟ್ಟು ಯಮಹಾಕ್ಕೆ ಬಂದಾಗ ಅವರ ಚೀಫ್ ಮೆಕ್ಯಾನಿಕ್ ಜೆರೆಮಿ ಬರ್ಜೆಸ್ ಜೊತೆಗೇ ಬಂದರು. ದಕ್ಷಿಣ ಆಫ್ರಿಕಾದ ವೆಲ್ಕಮ್‌ ಟ್ರ್ಯಾಕ್‌ನಲ್ಲಿ ರೊಸ್ಸಿ ಮೊದಲ ರೇಸೇ ಗೆದ್ದರು. 2011ರಲ್ಲಿ ಡುಕಾಟಿಗೆ ಹೋದಾಗಲೂ ಅದೇ ಬರ್ಜೆಸ್ ಪಕ್ಕದಲ್ಲಿದ್ದರು. ಎರಡು ವರ್ಷ, ಸೊನ್ನೆ ಗೆಲುವು. ಮನುಷ್ಯ ಅವರೇ, ಗಾಡಿ ಬೇರೆ.

ಹಳೇ ಗಾಡಿ ಅನ್ನುವ ಭಯಕ್ಕೆ ಉತ್ತರ ಮೋಟೋಜಿಪಿಯ ದಿಗ್ಗಜ ಮಾರ್ಕ್ ಮಾರ್ಕೆಜ್ ಕೊಟ್ಟಿದ್ದಾರೆ. ಹೋಂಡಾ ಜೊತೆ ಇನ್ನೂ ಒಂದು ವರ್ಷದ ಒಪ್ಪಂದ ಬಾಕಿ ಇರುವಾಗಲೇ ಬಿಟ್ಟು, 2024ರಲ್ಲಿ ಗ್ರೆಸಿನಿ ಟೀಮಿನ ಒಂದು ವರ್ಷ ಹಳೆಯ ಡುಕಾಟಿ ಹತ್ತಿದರು. ಅರಗಾನ್‌ನಲ್ಲಿ ಗೆದ್ದರು, 2021ರ ನಂತರ ಅದೇ ಮೊದಲ ಗೆಲುವು. ಮುಂದಿನ ವರ್ಷ ಡುಕಾಟಿ ಕಂಪನಿಯ ಸ್ವಂತ ಫ್ಯಾಕ್ಟರಿ ಟೀಮಿಗೆ ಹೋಗಿ ಚಾಂಪಿಯನ್ ಆದರು. ಆದರೆ ಇದನ್ನು ನನಗೆ ಹೋಲಿಸಿಕೊಳ್ಳುವುದು ಸ್ವಲ್ಪ ಜಾಸ್ತಿಯೇ ಆಯಿತು. ಹಳೆಯದಾದರೂ ಅದು ಆ ಕಾಲದ ಅತಿ ಒಳ್ಳೆ ಗಾಡಿ, ಓಡಿಸಿದವರು ಮಾರ್ಕೆಜ್.

ಬೀಳುವ ವಿಷಯಕ್ಕೆ ಬರೋಣ, ಯಾಕೆಂದರೆ ಬಿದ್ದಾಗಲೇ ಟೀಮ್ ಎಂಥದ್ದು ಅಂತ ಕಾಣೋದು. ದೊಡ್ಡ ಟೀಮಿನ ಟೆಸ್ಟ್ ದಿನ ಅವರ ಇನ್ನೊಬ್ಬ ಹುಡುಗ ಬಿದ್ದ. ನಾಲ್ಕು ಜನ ಮುತ್ತಿಕೊಂಡು ಇಪ್ಪತ್ತೈದು ನಿಮಿಷದಲ್ಲಿ ಗಾಡಿ ನಿಲ್ಲಿಸಿದರು. ನೋಡೋಕೆ ಚಂದ. ಐದನೆಯವರೊಬ್ಬರು ಪಕ್ಕದಲ್ಲಿ ನಿಂತು ಪಟ್ಟಿ ಬರೆಯುತ್ತಿದ್ದರು: ಕ್ಲಿಪ್‌ಆನ್ ಹ್ಯಾಂಡಲ್ ಒಂದು, ಫುಟ್‌ಪೆಗ್ ಒಂದು, ಲಿವರ್ ಎರಡು. ಒಪ್ಪಂದ ಓದಿದಾಗ ಆ ಪಟ್ಟಿ ಯಾಕೆ ಅಂತ ತಿಳಿಯಿತು. ಸೀಸನ್‌ಗೆ ಎರಡು ಸಲ ಬಿದ್ದರೆ ಟೀಮಿನ ಲೆಕ್ಕ, ಮೂರನೆಯದರಿಂದ ರೈಡರ್ ಲೆಕ್ಕ.

ಚಿಕ್ಕ ಟೀಮಿನಲ್ಲಿ ಬಿದ್ದವನು ನಾನೇ. ಆರನೇ ಕಾರ್ನರ್, ಸಂಜೆ, ಮೈ ಬಿಸಿಯಾಗಿ ಧೈರ್ಯ ಜಾಸ್ತಿಯಾಗಿದ್ದ ಹೊತ್ತು. ಗಾಡಿ ಜಲ್ಲಿಯಲ್ಲಿ ಮಲಗಿತ್ತು. ಪಿಟ್‌ಗೆ ನಡೆದುಕೊಂಡು ಬಂದೆ. ಚೀಫ್ ಕೇಳಿದ್ದು ಒಂದೇ: "ಮುಂದಿನ ಚಕ್ರ ಜಾರಿತೋ, ಹಿಂದಿನದೋ?" ಮುಂದಿನದು ಅಂದೆ. "ಬ್ರೇಕ್ ಮೇಲಿದ್ರಾ, ಬಿಟ್ಟಿದ್ರಾ?" ಬಿಟ್ಟಿದ್ದೆ. ಬರೆದುಕೊಂಡರು. ಗಾಡಿ ಮತ್ತೆ ಟ್ರ್ಯಾಕ್‌ಗೆ ಇಳಿಯೋಕೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು, ಏಕೆಂದರೆ ಅಲ್ಲಿ ಇರೋದೇ ಅವರು ಮತ್ತು ಒಬ್ಬ ಪಾರ್ಟ್‌ಟೈಮ್ ಹುಡುಗ. ರೇಸ್ ದಿನ ಬೆಳಗಿನ ಅಭ್ಯಾಸದಲ್ಲಿ ಹೀಗಾದರೆ? ಸೆಷನ್ ಪೂರ್ತಿ ಹೋಯಿತು ಅಂತಲೇ ಲೆಕ್ಕ. ಈ ಭಯ ನನಗೆ ಇನ್ನೂ ಹೋಗಿಲ್ಲ.

ಇನ್ನೊಂದು ಭಯ, ಟೀಮೇ ಇಲ್ಲದಂತಾಗುವುದು. ಇದು ಚಿಕ್ಕವರಿಗೆ ಮಾತ್ರ ಆಗೋದು ಅಂದುಕೊಳ್ಳಬೇಡಿ. ಸುಜುಕಿ 2020ರಲ್ಲಿ ರೈಡರ್ ಮೀರ್ ಜೊತೆ ಮೋಟೋಜಿಪಿ ಚಾಂಪಿಯನ್. 2022ರ ಕೊನೆಗೆ ಅಂಗಡಿ ಮುಚ್ಚಿಕೊಂಡು ಹೊರಟುಹೋಯಿತು. ಕೊನೆಯ ರೇಸ್ ವಲೆನ್ಸಿಯಾದಲ್ಲಿ ಅದೇ ಟೀಮಿನ ರಿನ್ಸ್ ಗೆದ್ದರು, ಗೆದ್ದರೂ ಮಾರನೇ ದಿನ ಆ ಗಾಡಿ ಇಲ್ಲ. ಆದ್ದರಿಂದ ಎರಡೂ ಟೀಮಿನಲ್ಲಿ ಬಾಯಿಬಿಟ್ಟು ಕೇಳಿದೆ, ಮುಂದಿನ ಸೀಸನ್‌ನ ಕೊನೆ ರೇಸ್‌ವರೆಗೆ ದುಡ್ಡು ಇದೆಯಾ ಅಂತ. ದೊಡ್ಡವರು ಅದು ಗುಟ್ಟು ಅಂದರು. ಚಿಕ್ಕವರು ಏಳು ರೌಂಡ್‌ಗೆ ಇದೆ, ಎಂಟನೆಯದಕ್ಕೆ ಹುಡುಕುತ್ತಿದ್ದೇವೆ ಅಂದರು. ಯಾವ ಉತ್ತರ ಒಳ್ಳೆಯದು ಅಂತ ಎರಡು ರಾತ್ರಿ ಯೋಚಿಸಿದೆ. ಏಳಕ್ಕೆ ಇದೆ ಅನ್ನುವುದೇ ವಾಸಿ. ಎಂಟನೆಯದು ಬರೋ ಹೊತ್ತಿಗೆ ಏನು ಮಾಡಬೇಕು ಅಂತ ನನಗೆ ಈಗಲೇ ಗೊತ್ತಿರುತ್ತೆ.

ನನ್ನ ಗಾಡಿಯಲ್ಲೇ ಇನ್ನೊಂದು ವರ್ಷ ಇರಬಹುದಿತ್ತು. ಗೆಳೆಯನಿಗೂ ಅದೇ ಆಸೆ ಇತ್ತು, ಹೇಳಲಿಲ್ಲ ಅಷ್ಟೇ. ಆದರೆ ಎರಡೂ ಕಡೆ ಒಂದೂವರೆ ಸೆಕೆಂಡ್ ಕಣ್ಣಿಗೆ ಕಂಡ ಮೇಲೆ ಅದನ್ನು ಕಾಣದ ಹಾಗೆ ಇರೋಕೆ ಆಗಲ್ಲ.

ಚಿಕ್ಕ ಟೀಮಿಗೆ ಹೂಂ ಅಂದಿದ್ದೇನೆ. ನನ್ನ ವಯಸ್ಸು ಹತ್ತೊಂಬತ್ತಾಗಿ, ತೂಕ ಅರವತ್ತರ ಆಸುಪಾಸು ಇದ್ದಿದ್ದರೆ ಕಣ್ಣು ಮುಚ್ಚಿ ದೊಡ್ಡದಕ್ಕೆ ಹೋಗುತ್ತಿದ್ದೆ. ಆ ಸ್ಪ್ರಿಂಗ್ ಹೊಂದುತ್ತಿತ್ತು, ಆ ನೀಲಿ ಗೆರೆ ನೋಡಿಯೇ ಒಂದು ವರ್ಷದಲ್ಲಿ ಬೇರೆ ರೈಡರ್ ಆಗುತ್ತಿದ್ದೆ. ಹೊಸಬರು ಯಾರಾದರೂ ಕೇಳಿದರೆ ಅಲ್ಲಿಗೇ ಹೋಗಿ ಅನ್ನುತ್ತೇನೆ. ನಾನು ನನ್ನ ಕಡೆಯಿಂದ ಎರಡು ಷರತ್ತು ಇಟ್ಟಿದ್ದೇನೆ: ಬ್ರೇಕ್ ಪ್ರೆಷರ್ ಸೆನ್ಸರ್ ಹಾಕಿಸಬೇಕು, ರೇಸ್ ದಿನಗಳಲ್ಲಿ ನನ್ನ ಗೆಳೆಯ ಎರಡನೇ ಮೆಕ್ಯಾನಿಕ್ ಆಗಿ ಬರಬೇಕು. ಸೆನ್ಸರ್‌ಗೆ ಒಪ್ಪಿದ್ದಾರೆ. ಗೆಳೆಯನ ವಿಷಯಕ್ಕೆ ಚೀಫ್ "ಮೊದಲು ಟೇಪ್ ಸರಿಯಾಗಿ ಹಿಡಿಯೋಕೆ ಬರುತ್ತಾ ನೋಡೋಣ, ಕರ್ಕೊಂಡು ಬನ್ನಿ" ಅಂದಿದ್ದಾರೆ. ಶನಿವಾರ ಇಬ್ಬರೂ ಹೋಗುತ್ತಿದ್ದೇವೆ.