ಪಿಎಫ್‌ಎಎಸ್ ಮಣ್ಣು: ನೀಲಿ ಬಣ್ಣದ ಪರೀಕ್ಷೆಯೋ, ಕುಲುಕುವ ಬಾಟಲಿಯೋ, ಲ್ಯಾಬೋ?

ಅಗ್ನಿಶಾಮಕ ತರಬೇತಿ ಮೈದಾನದ ಮಣ್ಣಿನಲ್ಲಿ ಪಿಎಫ್‌ಎಎಸ್ (ಸುಲಭವಾಗಿ ಕೊಳೆಯದ ಫ್ಲೋರಿನ್‌ಯುಕ್ತ ರಾಸಾಯನಿಕಗಳು) ಎಲ್ಲಿದೆ ಎಂದು ಹುಡುಕಲು ನನ್ನ ಆಯ್ಕೆ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಪರೀಕ್ಷೆ. ಆಸ್ಟ್ರೇಲಿಯಾದ ವಿಲಿಯಂಟೌನ್, ಓಕಿ ಸೇನಾ ನೆಲೆಗಳಂಥ ಕಡೆ ವರ್ಷಗಟ್ಟಲೆ ಸುರಿದ ಎಎಫ್‌ಎಫ್‌ಎಫ್ (ಬೆಂಕಿ ಆರಿಸುವ, ಪಿಎಫ್‌ಎಎಸ್ ಇರುವ) ನೊರೆ ಎಲ್ಲೆಡೆ ಸಮನಾಗಿ ಇಳಿದಿರುವುದಿಲ್ಲ. ಬೆಂಕಿ ಹಚ್ಚುವ ಹೊಂಡದ ಅಂಚು, ಚರಂಡಿಯ ಬಾಯಿ, ವಾಹನ ತೊಳೆಯುವ ಜಾಗಗಳಲ್ಲಿ ದಟ್ಟವಾಗಿರುತ್ತದೆ. ಆ ಜಾಗಗಳನ್ನು ಅದೇ ದಿನ ಗುರುತು ಹಾಕಲು ಇದು ಸಾಕು.

ಎಕ್ಸ್-ಕಿರಣದಿಂದ ಧಾತು ಗುರುತಿಸುವ, ಕೈಲಿ ಹಿಡಿಯುವ ಎಕ್ಸ್‌ಆರ್‌ಎಫ್ ಗನ್ನನ್ನು ಇದಕ್ಕೆಂದು ಕೊಂಡರೆ ದುಡ್ಡು ದಂಡ. ಫ್ಲೋರಿನ್ನಿನ ಎಕ್ಸ್-ಕಿರಣ ಬರೀ 0.68 ಕೆಇವಿ, ಡಿಟೆಕ್ಟರ್ ತಲುಪುವ ಮೊದಲೇ ಗಾಳಿ ಅದನ್ನು ನುಂಗುತ್ತದೆ. ಒಟ್ಟು ಫ್ಲೋರಿನ್ ಅಳೆಯುವ ವಿಧಾನಗಳು ಖನಿಜದ ಫ್ಲೋರೈಡನ್ನೂ ಸೇರಿಸಿ ಎಣಿಸುತ್ತವೆ. ಕೋಲಾರ, ತುಮಕೂರಿನ ಗ್ರಾನೈಟ್ ನೆಲದಲ್ಲಿ ಆ ಅಂಕಿಗೆ ಅರ್ಥವೇ ಇಲ್ಲ.

ಕುಲುಕುವ ಪರೀಕ್ಷೆಗೆ ಖರ್ಚಿಲ್ಲ. ಮಣ್ಣು ನೆನೆಸಿದ ತಿಳಿನೀರು 20 ಮಿಲಿ ತೆಗೆದುಕೊಂಡು ಜೋರಾಗಿ ಕುಲುಕಿ. ನೊರೆ ನಿಂತರೆ ಬಾಟಲಿಯ ಮೇಲೆ ಬರೆದು ಲ್ಯಾಬಿನವರನ್ನು ಎಚ್ಚರಿಸಿ. ನೊರೆ ಬರದಿದ್ದರೆ ಏನೂ ತಿಳಿಯುವುದಿಲ್ಲ.

ಬಣ್ಣದ ಪರೀಕ್ಷೆಗೆ 2 ಮಿಮೀ ಜರಡಿ ಹಿಡಿದ 10 ಗ್ರಾಂ ಮಣ್ಣಿಗೆ 100 ಮಿಲಿ ನೀರು ಸೇರಿಸಿ ಅರ್ಧ ಗಂಟೆ ಅಲುಗಾಡಿಸಿ. ತಿಳಿ 50 ಮಿಲಿಯನ್ನು ಸ್ವಲ್ಪ ಆಮ್ಲೀಯಗೊಳಿಸಿ, ಮಿಥಿಲೀನ್ ಬ್ಲೂ ದ್ರಾವಣ ಮತ್ತು 10 ಮಿಲಿ ಕ್ಲೋರೋಫಾರಂ ಹಾಕಿ 30 ಸೆಕೆಂಡು ಕುಲುಕಿ ಬಿಡಿ. ಪಿಎಫ್‌ಒಎಸ್‌ನಂಥ (ಒಂದು ಬಗೆಯ ಪಿಎಫ್‌ಎಎಸ್) ಋಣ ಅಯಾನು ಬಣ್ಣದ ಜೊತೆ ಜೋಡಿಯಾಗಿ ಕೆಳಗಿನ ಕ್ಲೋರೋಫಾರಂ ಪದರಕ್ಕೆ ಇಳಿಯುತ್ತದೆ. ಆ ಪದರವನ್ನು ಆಮ್ಲೀಯ ಫಾಸ್ಫೇಟ್ ದ್ರಾವಣದಿಂದ ಒಮ್ಮೆ ತೊಳೆಯಲೇಬೇಕು. ಇಲ್ಲವಾದರೆ ಕ್ಲೋರೈಡ್, ನೈಟ್ರೇಟ್ ಕೂಡ ನೀಲಿ ತೋರಿಸುತ್ತವೆ. ಪದರ ಬೇರೆಯಾಗದೆ ಕೆನೆಗಟ್ಟಿದರೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ನೈಟ್ರೈಲ್ ಕೈಗವಸನ್ನು ಕ್ಲೋರೋಫಾರಂ ಬೇಗ ದಾಟುತ್ತದೆ, ಸಿಡಿದ ತಕ್ಷಣ ಬದಲಿಸಿ.

ತಲೆನೋವು ಬೇರೆ ಕಡೆ ಇದೆ: ಬಣ್ಣಕ್ಕೆ ಫ್ಲೋರಿನ್ ಗೊತ್ತಿಲ್ಲ. ಋಣ ವಿದ್ಯುದಂಶದ ಯಾವ ಮಾರ್ಜಕ ಸಿಕ್ಕರೂ ಅದು ನೀಲಿಯಾಗುತ್ತದೆ. ಬಟ್ಟೆ ಸೋಪಿನ ಪುಡಿಯ ಎಲ್‌ಎಎಸ್ ಆಗಬಹುದು, ವಾಹನ ತೊಳೆಯುವ ಶಾಂಪೂ ಆಗಬಹುದು. ಇನ್ನೂ ಕೆಟ್ಟದ್ದೆಂದರೆ, ಈಗ ಎಎಫ್‌ಎಫ್‌ಎಫ್ ಬದಲಿಗೆ ಬಂದಿರುವ ಫ್ಲೋರಿನ್‌ರಹಿತ ನೊರೆಯಲ್ಲೂ ಇಂಥ ಮಾರ್ಜಕಗಳೇ ಇರುತ್ತವೆ. ಪಿಎಫ್‌ಎಎಸ್ ಇಲ್ಲದ ಮಣ್ಣೂ ಕಡುನೀಲಿ ಆಗಬಹುದು. ಹಾಗಾಗಿ ಯಾವ ನೊರೆಯನ್ನು ಯಾವ ವರ್ಷದವರೆಗೆ ಬಳಸಿದರು ಎಂಬ ದಾಖಲೆ ಕೈಲಿರಬೇಕು. ಬಳಕೆ ನಿಂತು ವರ್ಷಗಳಾದ ಜಾಗದ ಫಲಿತಾಂಶವನ್ನು ಹೆಚ್ಚು ನಂಬಬಹುದು. ಸಾಮಾನ್ಯ ಮಾರ್ಜಕಗಳನ್ನು ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ, ಪಿಎಫ್‌ಒಎಸ್ ಉಳಿಯುತ್ತದೆ. ಅನುಮಾನವಿದ್ದರೆ ತಿಳಿಯನ್ನು ಆಮ್ಲದಲ್ಲಿ ಕುದಿಸಿ, ತಟಸ್ಥಗೊಳಿಸಿ, ಮತ್ತೆ ಪರೀಕ್ಷಿಸಿ. ಆಲ್ಕೈಲ್ ಸಲ್ಫೇಟ್ ಬಗೆಯ ಮಾರ್ಜಕ ಒಡೆದು ನೀಲಿ ಇಳಿಯುತ್ತದೆ. ಎಲ್‌ಎಎಸ್ ಮಾತ್ರ ಇದಕ್ಕೂ ಜಗ್ಗುವುದಿಲ್ಲ.

ಉಲ್ಟಾ ಮೋಸವೂ ಉಂಟು. ಎರೆಮಣ್ಣಿನ ಜೇಡಿ ಮಿಥಿಲೀನ್ ಬ್ಲೂ ಬಣ್ಣವನ್ನೇ ಹೀರುತ್ತದೆ. ಜೇಡಿಯ ಗುಣ ಅಳೆಯಲು ಇದೇ ಬಣ್ಣ ಬಳಸುವುದೂ ಅದಕ್ಕೇ. ನೀರಿನಲ್ಲಿ ಮಬ್ಬು ಉಳಿದರೆ ನೀಲಿ ಕಡಿಮೆ ಕಾಣುತ್ತದೆ. ಗ್ಲಾಸ್ ಫೈಬರ್ ಫಿಲ್ಟರಿಗೆ ಪಿಎಫ್‌ಒಎಸ್ ಅಂಟುವುದರಿಂದ ಸೋಸಬೇಡಿ, ಸೆಂಟ್ರಿಫ್ಯೂಜ್ ಮಾಡಿ. ಪಿಎಫ್‌ಬಿಎಯಂಥ ಚಿಕ್ಕ ಇಂಗಾಲದ ಸರಪಳಿಯ ಪಿಎಫ್‌ಎಎಸ್‌ಗಳು ಕ್ಲೋರೋಫಾರಂಗೆ ಸರಿಯಾಗಿ ಇಳಿಯುವುದಿಲ್ಲ, ಧನ ವಿದ್ಯುದಂಶದವು ಬಣ್ಣದೊಂದಿಗೆ ಜೋಡಿಯಾಗುವುದೇ ಇಲ್ಲ.

ಲ್ಯಾಬಿನ ಲೆಕ್ಕವೇ ಬೇರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ 2024ರ ಜನವರಿಯಲ್ಲಿ ಅಂತಿಮಗೊಳಿಸಿದ 1633 ವಿಧಾನ 40 ಪಿಎಫ್‌ಎಎಸ್‌ಗಳನ್ನು ಬಿಡಿಬಿಡಿಯಾಗಿ ಅಳೆಯುತ್ತದೆ. ಪಿಎಫ್‌ಒಎಸ್ ಕಿಲೋಗೆ ಒಂದು ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೂ ಸಿಗುತ್ತದೆ. ಬಣ್ಣದ ಪರೀಕ್ಷೆಗೆ ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಬೇಕು ಎಂದಿಟ್ಟುಕೊಂಡರೆ, ಮೇಲಿನ ಅಳತೆಯಲ್ಲಿ ಮಣ್ಣಿನ ಕಿಲೋಗೆ 1 ಮಿಲಿಗ್ರಾಂ ಆಯಿತು. ಆಸ್ಟ್ರೇಲಿಯಾದ 2020ರ ಮಾರ್ಗಸೂಚಿಯಲ್ಲಿ ಕೈತೋಟವಿರುವ ಮನೆ ನೆಲಕ್ಕೆ ಪಿಎಫ್‌ಒಎಸ್ ಮತ್ತು ಪಿಎಫ್‌ಎಚ್‌ಎಕ್ಸ್‌ಎಸ್ (ಅದೇ ಗುಂಪಿನ ಇನ್ನೊಂದು) ಸೇರಿ ಕಿಲೋಗೆ 0.01 ಮಿಲಿಗ್ರಾಂ ಮಿತಿ. ನೂರು ಪಟ್ಟು ವ್ಯತ್ಯಾಸ! ನೀಲಿ ಬರಲಿಲ್ಲವೆಂದು ಮಣ್ಣು ಶುದ್ಧ ಎಂದು ಬರೆದುಕೊಟ್ಟರೆ ಅದು ಸುಳ್ಳು ವರದಿ.

ಬಜೆಟ್ ಬಿಗಿಯಿದ್ದರೆ 40 ಕಡೆ ಬಣ್ಣದ ಪರೀಕ್ಷೆ ಮಾಡಿ, 8 ಮಾದರಿಗಳನ್ನು ಎಚ್‌ಡಿಪಿಇ ಪ್ಲಾಸ್ಟಿಕ್ ಬಾಟಲಿಯಲ್ಲಿ ಐಸ್ ಮೇಲಿಟ್ಟು ಲ್ಯಾಬಿಗೆ ಕಳಿಸಿ: ಕಡುನೀಲಿ ಮೂರು, ಮಸುಕು ಎರಡು, ಬಣ್ಣವೇ ಬರದ ಮೂರು. ಪಕ್ಕದಲ್ಲಿ ಮನೆ, ತೋಟ ಅಥವಾ ಬಾವಿ ಇದ್ದರೆ ಕಿಟ್ ತೆರೆಯಲೇಬೇಡಿ, ಎಲ್ಲವೂ ಲ್ಯಾಬಿಗೆ ಹೋಗಲಿ.