ಮಸ್ಕಿ ರಾಡ್: 200 ಡಾಲರ್ ಸಾಕೋ, 400 ಬೇಕೋ?

ಮಸ್ಕಿ ಎಂದ ಕೂಡಲೇ ರಾಯಚೂರು ಜಿಲ್ಲೆಯ ಊರು, ಅಲ್ಲಿನ ಅಶೋಕನ ಶಾಸನ ನೆನಪಾದರೆ ತಪ್ಪೇನಿಲ್ಲ. ಇಲ್ಲಿನ ಮಸ್ಕಿ ಬೇರೆ. ಮಸ್ಕೆಲಂಜ್ ಎಂಬ ಮೀನಿನ ಕರೆಯುವ ಹೆಸರು ಅದು. ಮಿನ್ನೆಸೋಟ, ವಿಸ್ಕಾನ್ಸಿನ್, ಮಿಶಿಗನ್, ಒಂಟಾರಿಯೊ ಕಡೆಯ ಕೆರೆ-ನದಿಗಳಲ್ಲಿ ಹೊಂಚು ಹಾಕಿ ಹೊಡೆಯುವ ಮೀನು. ವಿಸ್ಕಾನ್ಸಿನ್‌ಗೆ ರಾಜ್ಯಮೀನು ಕೂಡ. ಹತ್ತು ಸಾವಿರ ಸಲ ಎಸೆದರೆ ಒಂದು ಸಿಕ್ಕೀತು ಎಂಬ ಮಾತು ಅಲ್ಲಿ ಜನಜನಿತ. ಮಿನಿಯಾಪೊಲಿಸ್ ಅಥವಾ ಶಿಕಾಗೊದಲ್ಲಿ ನೆಲೆಸಿ, ಬಾಸ್, ವಾಲೈ ಹಿಡಿದು ಕೈ ಪಳಗಿದ ಮೇಲೆ ಮಸ್ಕಿಯ ಹುಚ್ಚು ಹತ್ತಿದವರಿಗೆ ಎದುರಾಗುವ ಮೊದಲ ತಲೆನೋವು ಅಂಗಡಿಯ ಗೋಡೆಗೆ ಸಾಲಾಗಿ ನಿಂತ ರಾಡುಗಳು, ಅಂದರೆ ಗಾಳದ ಕೋಲುಗಳು. ನೋಡಲು ಎಲ್ಲವೂ ಒಂದೇ ಥರ ಕಪ್ಪು ಕೋಲು. ಚೀಟಿ ತಿರುಗಿಸಿದರೆ ಒಂದಕ್ಕೆ 110 ಡಾಲರ್, ಪಕ್ಕದ್ದಕ್ಕೆ 400.

ನಮ್ಮ ತೀರ್ಪನ್ನು ಮೊದಲೇ ಹೇಳುತ್ತೇವೆ. ಮೊದಲ ರಾಡಿಗೆ 180ರಿಂದ 220 ಡಾಲರ್, ಉದ್ದ 8 ಅಡಿ 6 ಇಂಚಿನಿಂದ 9 ಅಡಿ, ಪವರ್ (ರಾಡಿನ ಬಿಗಿ) ಹೆವಿ. ಅದಕ್ಕಿಂತ ಹೆಚ್ಚು ಕೊಡುವುದು ದಡ್ಡತನವಲ್ಲ, ಆದರೆ ಆ ಹೆಚ್ಚಿನ ದುಡ್ಡು ಯಾವುದಕ್ಕೆ ಹೋಗುತ್ತದೆ ಎಂದು ಗೊತ್ತಿರಬೇಕು.

ಮಸ್ಕಿ ರಾಡನ್ನು ಮೀನಿನ ತೂಕ ನೋಡಿ ಆರಿಸುವುದಿಲ್ಲ, ಲ್ಯೂರಿನ, ಅಂದರೆ ಮೀನನ್ನು ಸೆಳೆಯುವ ನಕಲಿ ಎರೆಯ ತೂಕ ನೋಡಿ ಆರಿಸುತ್ತಾರೆ. 1949ರಲ್ಲಿ ವಿಸ್ಕಾನ್ಸಿನ್‌ನ ಹೇವರ್ಡ್ ಬಳಿ ಹಿಡಿದ ದಾಖಲೆ ಮೀನೇ 67 ಪೌಂಡ್ 8 ಔನ್ಸ್. ದಿನನಿತ್ಯ ಸಿಗುವ ಮೀನು ಅದರ ಅರ್ಧವೂ ಇರುವುದಿಲ್ಲ. ಅಷ್ಟನ್ನು ಎಳೆಯಲು ಒಳ್ಳೆಯ ಬಾಸ್ ರಾಡೂ ಹೆಣಗಾಡಿಕೊಂಡು ಸಾಕಾದೀತು. ಸಾಲದಾಗುವುದು ಎಸೆಯುವ ಹೊತ್ತಿಗೆ. ಮೆಪ್ಸ್ ಮಸ್ಕಿ ಕಿಲ್ಲರ್ ಥರದ ಹಳೆಯ ಬಕ್‌ಟೇಲ್ (ಜಿಂಕೆ ಬಾಲದ ಕೂದಲು ಕಟ್ಟಿ, ತಿರುಗುವ ಲೋಹದ ಬ್ಲೇಡು ಹಾಕಿದ ಲ್ಯೂರು) ಮುಕ್ಕಾಲು ಔನ್ಸ್, ಅಂದರೆ 21 ಗ್ರಾಂ ಮಾತ್ರ. ಈಗ ಜನ ಎಸೆಯುವುದು ಬುಲ್‌ಡಾಗ್‌ನಂಥ ರಬ್ಬರ್ ಲ್ಯೂರು: ಮಾಮೂಲಿ ಅಳತೆಯದು ಮೂರು-ನಾಲ್ಕು ಔನ್ಸ್, ಮ್ಯಾಗ್ನಂ ಎಂಬುದು ಅರ್ಧ ಪೌಂಡಿನ ಆಸುಪಾಸು, ಪೌಂಡರ್ ಎಂಬುದು ಹೆಸರೇ ಹೇಳುವಂತೆ 450 ಗ್ರಾಂ ತೂಗುತ್ತದೆ. ಅರ್ಧ ಕೇಜಿ ಸಕ್ಕರೆ ಪೊಟ್ಟಣವನ್ನು ದಾರಕ್ಕೆ ಕಟ್ಟಿ ಇಡೀ ದಿನ ಬೀಸಿದಂತೆ. ಎರಡು ದೊಡ್ಡ ಬ್ಲೇಡಿನ ಬಕ್‌ಟೇಲ್‌ಗಳದ್ದು ಇನ್ನೊಂದು ಕಥೆ: ತಕ್ಕಡಿಯಲ್ಲಿ ತೂಕ ಹೆಚ್ಚಿರುವುದಿಲ್ಲ, ಸುತ್ತಿಕೊಳ್ಳುವಾಗ ನೀರಿನ ಎಳೆತ ಮಾತ್ರ ಜೋರು.

ರಾಡಿನ ಬುಡದಲ್ಲಿ ಲ್ಯೂರಿನ ತೂಕದ ಮಿತಿ ಅಚ್ಚಾಗಿರುತ್ತದೆ. ಹೆವಿ ಎಂದು ಗುರುತಿಸಿದ್ದು ಸಾಮಾನ್ಯವಾಗಿ 3ರಿಂದ 8 ಔನ್ಸ್. ಆ 8 ಎಂಬುದು ಮೆಲ್ಲಗೆ ತೂಗಿ ಎಸೆದಾಗಿನ ಗಡಿ. ಹೆವಿ ರಾಡಿಗೆ ಪೌಂಡರ್ ಕಟ್ಟಿ ತಲೆಯ ಮೇಲಿಂದ ಜೋರಾಗಿ ಬೀಸಿದರೆ ರಾಡ್ ಮೀನು ಕಾಣುವ ಮೊದಲೇ ತುಂಡಾಗುತ್ತದೆ, ಅದೂ ಬಹುಪಾಲು ಮೇಲಿನ ಮೂರನೇ ಒಂದು ಭಾಗದಲ್ಲಿ. ಎಕ್ಸ್‌ಟ್ರಾ ಹೆವಿ ಕೊಂಡು 2 ಔನ್ಸಿನ ಲ್ಯೂರು ಎಸೆದರೆ ತುದಿ ಬಾಗುವುದೇ ಇಲ್ಲ. ಲ್ಯೂರು ದೋಣಿಯ ಮುಂದೆಯೇ ಬೀಳುತ್ತದೆ, ಹೆಗಲು ಮಾತ್ರ ಹಿಡಿದುಕೊಳ್ಳುತ್ತದೆ. ಹೆವಿ ನಡುವಿನ ದಾರಿ. ಲ್ಯೂರಿನ ಪೆಟ್ಟಿಗೆಯಲ್ಲಿ ಇರುವುದರಲ್ಲಿ ಮುಕ್ಕಾಲು ಪಾಲು ಅದು ಎಸೆಯುತ್ತದೆ.

ಈಗ ಬೆಲೆಗೆ ಬರೋಣ. ನೂರು ಡಾಲರಿನ ಕೆಳಗೆ ಸಿಗುವುದು ಹೆಚ್ಚಾಗಿ ಫೈಬರ್‌ಗ್ಲಾಸ್ ಕೋಲು. ಮುರಿಯುವುದು ಅಪರೂಪ, ದೋಣಿಯ ಹಿಂದೆ ಲ್ಯೂರು ಎಳೆಯುವ ಟ್ರೋಲಿಂಗ್‌ಗೆ ಚೆನ್ನಾಗಿಯೇ ಇರುತ್ತದೆ, ಎಸೆಯಲು ಭಾರ. ಒಕುಮಾದ ಇವಿಎಕ್ಸ್ ಮಸ್ಕಿ, ಶಿಮಾನೊದ ಕಾಂಪ್ರೆ ಮಸ್ಕಿ ನೂರರಿಂದ ನೂರೈವತ್ತರ ಆಚೀಚೆ. ವರ್ಷಕ್ಕೆ ನಾಲ್ಕೈದು ದಿನ ಹೋಗುವವರಿಗೆ ಇವು ಮೋಸವಲ್ಲ. ಆದರೆ ಈ ಬೆಲೆಯ ರಾಡನ್ನು, ಯಾರು ಮಾಡಿದ್ದೇ ಇರಲಿ, ಎರಡು ಕಡೆ ಕಣ್ಣಿಟ್ಟು ನೋಡಬೇಕು. ಒಂದು, ದಾರ ಹಾಯುವ ಉಂಗುರಗಳ ಒಳಗಿನ ಪಿಂಗಾಣಿ ಬಳೆ. ಎರಡು, ಬುಡದ ಹಿಡಿಯ ಉದ್ದ.

ಇನ್ನೂರರ ಸುತ್ತಮುತ್ತ ಇರುವುದರಲ್ಲಿ ಸೇಂಟ್ ಕ್ರಾಯ್‌ನ ಮೋಜೊ ಮಸ್ಕಿ ಬಹಳ ಕೈಗಳಲ್ಲಿ ಕಾಣುತ್ತದೆ. ಕಂಪನಿ ವಿಸ್ಕಾನ್ಸಿನ್‌ನ ಪಾರ್ಕ್ ಫಾಲ್ಸ್ ಊರಿನದು. ಮೋಜೊಗೆ ಬಳಸುವುದು ಅವರದೇ ಕೆಳಮಟ್ಟದ ಕಾರ್ಬನ್, ಎಸ್‌ಸಿ-2. ಕೆಳಮಟ್ಟ ಎಂದರೆ ಮೂಗು ಮುರಿಯಬೇಕಿಲ್ಲ. ಕಾರ್ಬನ್ನಿನ ಮಾಡ್ಯುಲಸ್ (ಬಾಗದೆ ನಿಲ್ಲುವ ಗುಣ) ಏರಿದಷ್ಟೂ ಅದೇ ಬಿಗಿಗೆ ಕಡಿಮೆ ಸಾಮಗ್ರಿ ಸಾಕು. ರಾಡ್ ತೆಳುವಾಗುತ್ತದೆ, ಹಗುರಾಗುತ್ತದೆ, ಏಟಿಗೆ ನಾಜೂಕೂ ಆಗುತ್ತದೆ. ಮಸ್ಕಿ ದೋಣಿಯಲ್ಲಿ ಏಟು ತಪ್ಪದು. ಅರ್ಧ ಪೌಂಡಿನ ಲ್ಯೂರು ತೂಗಾಡಿ ಪಕ್ಕದ ರಾಡಿಗೆ ಬಡಿಯುತ್ತದೆ, ಬಣ್ಣದ ಕೆಳಗೆ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ, ಮೂರು ವಾರದ ನಂತರ ಮಾಮೂಲಿ ಎಸೆತದಲ್ಲಿ ಟಪ್ಪೆನ್ನುತ್ತದೆ. ಆಗ ಎಲ್ಲರೂ ಬೈಯುವುದು ಕಂಪನಿಯನ್ನು. ಹೊಸಬರ ಕೈಗೆ ದಪ್ಪ ಗೋಡೆಯ ಇನ್ನೂರು ಡಾಲರಿನ ರಾಡೇ ಹೆಚ್ಚು ಬಾಳುತ್ತದೆ ಎನ್ನುವುದಕ್ಕೆ ಕಾರಣ ಇದು.

ಹಾಗಾದರೆ ಮುನ್ನೂರೈವತ್ತು, ನಾನೂರು ಕೊಟ್ಟರೆ ಸಿಗುವುದೇನು? ಉದಾಹರಣೆಗೆ ಅದೇ ಸೇಂಟ್ ಕ್ರಾಯ್‌ನ ಲೆಜೆಂಡ್ ಟೂರ್ನಮೆಂಟ್. ಮುಖ್ಯವಾಗಿ ಸಿಗುವುದು ಹಗುರವಾದ ತುದಿ. ಒಟ್ಟು ತೂಕದಲ್ಲಿ ವ್ಯತ್ಯಾಸ ಸಣ್ಣದು ಎನಿಸುತ್ತದೆ, ಆದರೆ ಲೆಕ್ಕ ಹಾಕಿ ನೋಡಿ: 9 ಅಡಿಯ ರಾಡಿನಲ್ಲಿ ಕೈ ಇರುವುದು ಬುಡದಿಂದ ಹೆಚ್ಚುಕಡಿಮೆ ಒಂದೂವರೆ ಅಡಿ ಮೇಲೆ, ತುದಿ ಅಲ್ಲಿಂದ ಏಳೂವರೆ ಅಡಿ ದೂರ. ತುದಿಯಲ್ಲಿ 10 ಗ್ರಾಂ ಹೆಚ್ಚಾದರೆ ಅದನ್ನು ಸರಿದೂಗಿಸಲು ಬುಡದಲ್ಲಿ 50 ಗ್ರಾಂ ಬೇಕು. ಇಲ್ಲದಿದ್ದರೆ ಆ ಭಾರವನ್ನು ಮಣಿಕಟ್ಟು ಹೊರಬೇಕು. ನಿಮಿಷಕ್ಕೊಂದು ಎಸೆತವೆಂದರೂ ಎಂಟು ಗಂಟೆಗೆ ಐನೂರರ ಹತ್ತಿರ ಎಸೆತ. ಸಂಜೆ ನಾಲ್ಕರ ಮೇಲೆ ಈ 10 ಗ್ರಾಂ ಮಾತಾಡುತ್ತದೆ. ಕಡಿಮೆ ಬೆಲೆಯ ರಾಡುಗಳಲ್ಲಿ ಬುಡಕ್ಕೆ ತೂಕ ತುಂಬಿ ಸಮತೋಲ ತರುವುದುಂಟು. ತಪ್ಪಲ್ಲ, ಒಟ್ಟು ಭಾರ ಏರುತ್ತದೆ ಅಷ್ಟೇ. ಇದರ ಜೊತೆಗೆ ವಾರಂಟಿಯ ಅವಧಿಯೂ ಬೆಲೆಯೊಂದಿಗೆ ಏರುತ್ತದೆ. ಮೋಜೊಗೆ 5 ವರ್ಷ, ಲೆಜೆಂಡ್ ಟೂರ್ನಮೆಂಟ್‌ಗೆ 15. ವಾರಂಟಿ ಎಂದರೆ ಪುಕ್ಕಟೆ ಎಂದುಕೊಳ್ಳಬೇಡಿ. ಉದ್ದದ ರಾಡನ್ನು ಕಳಿಸುವ ಖರ್ಚು, ಬದಲಿ ಕೊಡುವಾಗಿನ ಶುಲ್ಕ ಎಷ್ಟೆಂದು ಕೊಳ್ಳುವ ಮುಂಚೆಯೇ ಕೇಳಿಟ್ಟುಕೊಳ್ಳಿ.

ವರ್ಷಕ್ಕೆ 10 ದಿನದಂತೆ 5 ವರ್ಷ ಹೋದರೆ 200 ಡಾಲರಿನ ರಾಡಿಗೆ ದಿನಕ್ಕೆ 4 ಡಾಲರ್, 400ರದಕ್ಕೆ 8. ವರ್ಷಕ್ಕೆ ನಲವತ್ತು ದಿನ ಹೋಗುವವರಿಗೆ ಈ ವ್ಯತ್ಯಾಸ ಒಂದು ಡಾಲರಿಗೆ ಇಳಿಯುತ್ತದೆ. ಅವರು ಮೊಣಕೈ ಉಳಿಸಿಕೊಳ್ಳಲು ಕಣ್ಣುಮುಚ್ಚಿ ದುಬಾರಿಯದನ್ನೇ ಕೊಳ್ಳಲಿ. ಅದಕ್ಕೂ ಮೇಲೆ, ಮಿನ್ನೆಸೋಟದ ಬ್ಲೇನ್‌ನಲ್ಲಿರುವ ಥಾರ್ನ್ ಬ್ರದರ್ಸ್ ಥರದ ಅಂಗಡಿಗಳಲ್ಲಿ ಅಳತೆ ಹೇಳಿ ಮಾಡಿಸಿಕೊಳ್ಳುವ ರಾಡುಗಳಿವೆ. ತೋಳಿನ ಉದ್ದಕ್ಕೆ ಸರಿಯಾಗಿ ಹಿಡಿ ಹಾಕಿಸುವುದು ನಿಜಕ್ಕೂ ಸುಖ. ಆದರೆ ತನಗೆ ಯಾವ ಅಳತೆ ಬೇಕೆಂದು ಗೊತ್ತಾಗುವುದೇ ಎರಡು ಸೀಸನ್ ಕಳೆದ ಮೇಲೆ.

ಉದ್ದದ ಮಾತು. ಮಸ್ಕಿ ಲ್ಯೂರಿನ ಹಿಂದೆಯೇ ದೋಣಿಯ ತನಕ ಬಂದು, ಕಚ್ಚದೆ ನಿಂತು ನೋಡುವ ಮೀನು. ಆದ್ದರಿಂದ ಪ್ರತಿ ಎಸೆತದ ಕೊನೆಗೆ ಲ್ಯೂರನ್ನು ತುದಿಯಿಂದ ಒಂದೆರಡು ಅಡಿ ದೂರ ಬಿಟ್ಟು, ರಾಡಿನ ತುದಿಯನ್ನು ನೀರೊಳಗೆ ಅದ್ದಿ, ಎಂಟರ ಆಕಾರದಲ್ಲಿ ದೊಡ್ಡದಾಗಿ ಸುತ್ತಿಸುತ್ತಾರೆ. ತಿರುವು ಅಗಲವಾದಷ್ಟೂ ಆ ಉದ್ದನೆಯ ಮೀನು ಹಿಂಬಾಲಿಸಿ ತಿರುಗಬಲ್ಲದು. 7 ಅಡಿಯ ರಾಡಿನಲ್ಲಿ ಸೊಂಟ ಬಗ್ಗಿಸಬೇಕು, 9 ಅಡಿಯದರಲ್ಲಿ ನಿಂತಲ್ಲೇ ಆಗುತ್ತದೆ. ಹಿಡಿಯ ಅಳತೆ ತಿಳಿಯುವುದೂ ಇಲ್ಲೇ. ಬುಡ ತೀರಾ ಉದ್ದವಿದ್ದರೆ ತಿರುವಿನಲ್ಲಿ ಪಕ್ಕೆಲುಬಿಗೆ ತಿವಿಯುತ್ತದೆ, ಜಾಕೆಟ್ಟಿಗೆ ಸಿಕ್ಕಿಕೊಳ್ಳುತ್ತದೆ. ತೀರಾ ಗಿಡ್ಡವಿದ್ದರೆ ಎರಡು ಕೈಯಲ್ಲಿ ಎಸೆಯಲು ಹಿಡಿತವೇ ಸಿಗದು. ರೀಲನ್ನು (ದಾರ ಸುತ್ತುವ ಉರುಳೆ) ಹಿಡಿದ ಕೈಯ ಮೊಣಕೈ ದಾಟಿ ಮೂರು-ನಾಲ್ಕು ಬೆರಳಷ್ಟು ಬುಡ ಉಳಿದರೆ ಸರಿ.

ದೋಣಿಯ ರಾಡ್ ಪೆಟ್ಟಿಗೆ, ಮನೆಯ ಕಾರು ಎರಡನ್ನೂ ಟೇಪ್ ಹಿಡಿದು ಅಳೆದುಕೊಂಡೇ ಅಂಗಡಿಗೆ ಹೋಗಿ. ಸೆಡಾನ್ ಕಾರಿನಲ್ಲಿ 9 ಅಡಿಯ ಒಂದೇ ತುಂಡಿನ ರಾಡ್ ಹಿಡಿಸುವುದಿಲ್ಲ. ಬುಡದೊಳಕ್ಕೆ ಜಾರುವ ಟೆಲಿಸ್ಕೋಪಿಕ್ ರಾಡ್ ತೆಗೆದುಕೊಳ್ಳಿ. ಮೈ ಮತ್ತು ಹಿಡಿ ಸೇರುವ ಜಾಗಕ್ಕೆ ವರ್ಷಕ್ಕೊಮ್ಮೆ ಮೇಣದಬತ್ತಿ ಉಜ್ಜಿದರೆ ಬಿಗಿಯಾಗಿ ಕೂರುತ್ತದೆ. ಅದು ಸಡಿಲವಾದರೆ ಎಸೆಯುವಾಗ ರಾಡಿನ ಮೇಲ್ಭಾಗ ಸುತ್ತಿಕೊಂಡು ಉಂಗುರಗಳು ಒಂದು ಮಗ್ಗುಲಿಗೆ ತಿರುಗುತ್ತವೆ. ಗಮನಿಸದೆ ಮತ್ತೊಮ್ಮೆ ಎಸೆದರೆ ಸೇರಿಕೆಯೇ ಸೀಳುತ್ತದೆ.

ಅಂಗಡಿಗೆ ರೀಲನ್ನು ಜೊತೆಗೊಯ್ಯಿರಿ. ಕಟ್ಟಿ, ರೀಲಿನ ಮುಂದೆ ಒಂದು ಬೆರಳಿನ ಮೇಲೆ ರಾಡನ್ನು ತೂಗಿ ನೋಡಿ. ತುದಿ ಮೆಲ್ಲಗೆ ಇಳಿದರೆ ಪರವಾಗಿಲ್ಲ, ಧಡಕ್ಕನೆ ಬಿದ್ದರೆ ಬೇಡ. ಬುಡವನ್ನು ಕಣ್ಣಿಗಿಟ್ಟು ಬಂದೂಕಿನ ಗುರಿ ನೋಡುವಂತೆ ನೋಡಿದರೆ ಉಂಗುರಗಳು ಒಂದೇ ಗೆರೆಯಲ್ಲಿವೆಯೇ ಎಂದು ತಿಳಿಯುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಪ್ರತಿ ಉಂಗುರದೊಳಗೆ ತಿರುಗಿಸಿ, ಎಳೆ ಸಿಕ್ಕಿಕೊಂಡರೆ ಅಲ್ಲಿ ಪಿಂಗಾಣಿ ಬಿರಿದಿದೆ. ಅಂಥ ಒಂದು ಬಿರುಕು 25 ಡಾಲರಿನ ಬ್ರೇಡನ್ನು (ಎಳೆ ಹೆಣೆದು ಮಾಡಿದ ದಾರ) ಒಂದೇ ದಿನದಲ್ಲಿ ಸವೆಸುತ್ತದೆ. ಹಳೆಯ ರಾಡ್ ಕೊಳ್ಳುವವರಿಗಂತೂ ಹತ್ತಿಕಡ್ಡಿ ಕಡ್ಡಾಯ. ಚಳಿಗಾಲ ಮುಗಿಯುವ ಹೊತ್ತಿಗೆ ನಡೆಯುವ ಮಸ್ಕಿ ಮೇಳಗಳಲ್ಲಿ ದರ ಇಳಿದಿರುತ್ತದೆ, ಹತ್ತು ರಾಡ್ ಕೈಯಲ್ಲಿ ಹಿಡಿದು ನೋಡಲೂ ಆಗುತ್ತದೆ.

(ಬಿಲ್ಲಿನಲ್ಲಿ ಕಾಣದ ಒಂದು ಸಂಗತಿ: ಅಮೆರಿಕದಲ್ಲಿ ರಾಡ್ ತಯಾರಕರು 10 ಶೇಕಡಾ ಕೇಂದ್ರ ತೆರಿಗೆ ಕಟ್ಟುತ್ತಾರೆ, ರಾಡಿಗೆ ಹೆಚ್ಚೆಂದರೆ 10 ಡಾಲರ್. ಆ ಹಣ ಮೀನಿನ ನೆಲೆ ಕಾಯಲು ರಾಜ್ಯಗಳಿಗೆ ಹೋಗುತ್ತದೆ.)

ರಾಡಿನ ಮೇಲೆ ಇನ್ನೂರು ಉಳಿಸಿ ಎಂದು ಒತ್ತಿ ಹೇಳುವುದಕ್ಕೆ ನಿಜವಾದ ಕಾರಣ ಉಳಿದ ಪಟ್ಟಿ. ರೀಲಿಗೆ 200 ಡಾಲರ್ ಆದರೂ ಬೇಕು. ಶಿಮಾನೊದ ‘ಟ್ರಾಂಕ್ಸ್ 400’ ಎಂಬ ಮಾದರಿಯ ಬೆಲೆ ಅದಕ್ಕೂ ಮೇಲೆ. ಅದರಲ್ಲಿ 5.8 ಮತ್ತು 7.6 ಎಂಬ ಎರಡು ಗೇರ್ ಅನುಪಾತಗಳಿವೆ (ಹಿಡಿ ಒಂದು ಸುತ್ತಿದರೆ ದಾರದ ಉರುಳೆ ಎಷ್ಟು ಸುತ್ತುತ್ತದೆ ಎಂಬ ಲೆಕ್ಕ). ದೊಡ್ಡ ಬ್ಲೇಡಿನ ಬಕ್‌ಟೇಲ್ ಸುತ್ತುವವರು 5.8 ತೆಗೆದುಕೊಳ್ಳಲಿ, 7.6ರಲ್ಲಿ ಸುತ್ತಿದರೆ ಮಧ್ಯಾಹ್ನದೊಳಗೆ ತೋಳು ಸೋಲುತ್ತದೆ. 80ರಿಂದ 100 ಪೌಂಡ್ ಎಳೆತ ತಾಳುವ ಬ್ರೇಡ್ ದಾರ 25. ಅಷ್ಟು ದಪ್ಪ ದಾರ ಮೀನಿಗಾಗಿ ಅಲ್ಲ: ತೆಳು ದಾರವಾದರೆ ರೀಲಿನಲ್ಲಿ ಗಂಟು ಬಿದ್ದ ಕ್ಷಣ ಭಾರದ ಲ್ಯೂರು ಅದನ್ನು ಕಿತ್ತುಕೊಂಡು ಹಾರಿಹೋಗುತ್ತದೆ. 100-130 ಪೌಂಡಿನ ಫ್ಲೋರೋಕಾರ್ಬನ್ ಲೀಡರ್ (ದಾರಕ್ಕೂ ಲ್ಯೂರಿಗೂ ನಡುವೆ ಕಟ್ಟುವ ಗಟ್ಟಿ ತುಂಡು) ಎರಡಕ್ಕೆ 25. ಲೀಡರ್ ಇಲ್ಲದೆ ಕಟ್ಟಿದರೆ ಮಸ್ಕಿಯ ಹಲ್ಲು ಬ್ರೇಡನ್ನು ಕತ್ತರಿಸಿಬಿಡುತ್ತದೆ. ಮೀನಿನ ಮೈ ಕೆಡಿಸದ, ರಬ್ಬರ್ ಲೇಪದ ದೊಡ್ಡ ಬಲೆ 150. ಉದ್ದ ಮೂತಿಯ ಇಕ್ಕಳ 20. ಕೊಕ್ಕೆ ಕತ್ತರಿಸುವ ನಿಪೆಕ್ಸ್‌ನಂಥ ಪುಟ್ಟ ಬೋಲ್ಟ್ ಕಟರ್ 55. ರಾಡ್ ಸೇರಿ 675 ಡಾಲರ್ ಆಯಿತು, ಲ್ಯೂರು ಇನ್ನೂ ಒಂದೂ ಕೊಂಡಿಲ್ಲ.

ಈ ಪಟ್ಟಿಯಲ್ಲಿ ಕಟರ್ ಬಿಟ್ಟು ದುಬಾರಿ ರಾಡ್ ಕೊಳ್ಳುವವರೇ ಹೆಚ್ಚು. ಮೂರು ಮುಳ್ಳಿನ ಕೊಕ್ಕೆ ಕಿವಿರಿನ ಬಳಿ ಆಳವಾಗಿ ಚುಚ್ಚಿಕೊಂಡಾಗ ಜಗ್ಗುತ್ತ ಕೂರುವಷ್ಟು ಹೊತ್ತು ಮೀನಿಗೆ ಇರುವುದಿಲ್ಲ. ಮುಳ್ಳನ್ನು ಕಡಿದು, ಬಲೆಯಲ್ಲೇ ನೀರೊಳಗಿಟ್ಟು ಬಿಡಬೇಕು. ಅದೇ ಮುಳ್ಳು ಅಂಗೈಗೆ ಇಳಿದಾಗಲೂ ಕಟರೇ ಗತಿ. ಮಸ್ಕಿಯನ್ನು ಬಹುತೇಕ ಎಲ್ಲರೂ ಹಿಡಿದು ಬಿಡುತ್ತಾರೆ. ಮಿನ್ನೆಸೋಟದ ಬಹುಪಾಲು ಕೆರೆಗಳಲ್ಲಂತೂ 54 ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತೆಯೇ ಇಲ್ಲ. ಹೆವಿ ರಾಡ್ ಬೇಕೆನ್ನುವುದಕ್ಕೆ ಇದೂ ಒಂದು ಕಾರಣ: ಬಳುಕುವ ರಾಡಿನಲ್ಲಿ ಮೀನನ್ನು ಬಹಳ ಹೊತ್ತು ಆಡಿಸಿದರೆ ಬಿಟ್ಟ ಮೇಲೂ ಬದುಕುವುದಿಲ್ಲ. ನೀರು 80 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಬೇಸಿಗೆಯ ದಿನಗಳಲ್ಲಿ ಎಂಥ ರಾಡ್ ಇದ್ದರೂ ಮಸ್ಕಿಗೆ ಹೋಗಬಾರದು.

ದೋಣಿಯ ಪಕ್ಕದಲ್ಲಿ ಮೀನು ಇರುವಾಗ ರಾಡನ್ನು ನೆಟ್ಟಗೆ ಆಕಾಶಕ್ಕೆ ಎತ್ತಬೇಡಿ. ಬುಡದ ಬಲ ಆಗ ಕೆಲಸಕ್ಕೆ ಬರುವುದಿಲ್ಲ, ಇಡೀ ಭಾರ ತುದಿಯ ಎರಡಡಿಗೆ ಬೀಳುತ್ತದೆ. ಹಾಗೆ ಮುರಿದದ್ದು ಬಳಸಿದವರ ತಪ್ಪಿನಿಂದಲೇ ಮುರಿದದ್ದು, ಎರಡು ನೂರರ ರಾಡಾದರೂ ಆರು ನೂರರದಾದರೂ. ಲ್ಯೂರು ಬಂಡೆಗೆ ಸಿಕ್ಕಿಕೊಂಡರೆ ರಾಡಿನಿಂದ ಜಗ್ಗದೆ ದೋಣಿಯನ್ನೇ ಆಚೆ ಬದಿಗೆ ಒಯ್ದು ಬಿಡಿಸಿ.

ರಜೆಗೆ ಊರಿಗೆ ಬರುವಾಗ ಇದನ್ನು ಕಾವೇರಿಯ ಮಹಶೀರ್‌ಗೆಂದು ಹೊತ್ತು ತರುವ ಆಲೋಚನೆ ಇದ್ದರೆ ಬಿಟ್ಟುಬಿಡಿ. ವನ್ಯಧಾಮದೊಳಗೆ ಗಾಳ ಹಾಕುವಂತಿಲ್ಲ, ದಿಬ್ಬಬೆನ್ನಿನ ಮಹಶೀರ್ ಅಳಿವಿನ ಅಂಚಿನಲ್ಲಿದೆ.

ಒಂದು ಸೀಸನ್ ಕಳೆದ ಮೇಲೆ ಪೆಟ್ಟಿಗೆ ತೆರೆದು ಯಾವ ಲ್ಯೂರಿನ ಬಣ್ಣ ಹೆಚ್ಚು ಕಿತ್ತುಹೋಗಿದೆ ನೋಡಿ. ರಬ್ಬರ್ ಮ್ಯಾಗ್ನಂಗಳೇ ಸವೆದಿದ್ದರೆ ಎರಡನೆಯದು 9 ಅಡಿ 6 ಇಂಚಿನ ಎಕ್ಸ್‌ಟ್ರಾ ಹೆವಿ ಆಗಲಿ, ಅದಕ್ಕೆ 350 ಕೊಟ್ಟರೂ ಒಪ್ಪುತ್ತೇವೆ. ಬಕ್‌ಟೇಲ್‌ಗಳೇ ಆದರೆ ಇರುವ ರಾಡೇ ಸಾಕು. ಮೊದಲನೆಯದನ್ನು ಮಾತ್ರ ಮಾರಬೇಡಿ. ಜೊತೆಗೆ ಬರುವ ಭಾವಮೈದುನನ ಕೈಗೆ ಕೊಡಲು ಒಂದು ಬೇಕೇ ಬೇಕಾಗುತ್ತದೆ.