ಶೇಂಗಾ ಹಳದಿ ಆಯ್ತು ಅಂತ ಜಿಪ್ಸಮ್ ಸುರಿಯುವ ಮುಂಚೆ ಇದನ್ನು ಓದಿ

ಗದಗ ಕಡೆಯ ನಮ್ಮ ಎರೆಹೊಲದ ಒಂದು ಮೂಲೆ ಉಬ್ಬಿಕೊಂಡಿತ್ತು. ಎರಡು ವರ್ಷದ ಹಿಂದೆ ಜೆಸಿಬಿ ಕರೆಸಿ ಅದನ್ನು ಕೆರೆಸಿ ತಗ್ಗಿಗೆ ತುಂಬಿಸಿದೆ. ಹೊಲ ಹಲಗೆಯ ಹಾಗೆ ಸಮ ಆಯಿತು. ಕೆರೆದ ಜಾಗದಲ್ಲಿ ಮಾತ್ರ ಬೆಳ್ಳನೆಯ ಮಣ್ಣು, ಅದರ ತುಂಬ ಕಡಲೆಕಾಳು ಗಾತ್ರದ ಸುಣ್ಣದ ಹರಳು ಕಂಡವು. ಲೆಕ್ಕಕ್ಕೆ ತಗೊಳ್ಳಲಿಲ್ಲ.

ಮುಂಗಾರಿಗೆ ಶೇಂಗಾ ಬಿತ್ತಿದೆವು. ತಿಂಗಳೊಳಗೆ ಆ ಅರ್ಧ ಎಕರೆ ಹಳದಿ. ಮಳೆ ಹಿಡಿದು ನಾಲ್ಕು ದಿನ ಹೊಲ ಆರದಿದ್ದಾಗ ಇನ್ನೂ ಜಾಸ್ತಿ. ಗೊಬ್ಬರದ ಅಂಗಡಿಯಲ್ಲಿ ಯೂರಿಯಾ ಹಾಕಿ ಅಂದರು. ಹಾಕಿದೆ. ಸುಣ್ಣದ ಮಣ್ಣಿನ ಮೇಲೆ ಸುಮ್ನೆ ಎರಚಿದ ಯೂರಿಯಾ ಬಹಳಷ್ಟು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ ಅಂತ ಆಮೇಲೆ ತಿಳಿಯಿತು.

ಆಮೇಲೆ ಕಾಲುವೆ ಕೆಳಗಿನ ನಮ್ಮ ನೆಂಟರ ಮಾತು ಕೇಳಿದೆ. ಅವರ ಸವಳು ಭೂಮಿ ಜಿಪ್ಸಮ್‌ನಿಂದ ಸುಧಾರಿಸಿತ್ತು. ನಾನೂ ಹತ್ತು ಚೀಲ ತಂದು ಸುರಿದೆ. ಅಲ್ಲಿ ಸೋಡಿಯಂ ಕೂತಿತ್ತು, ಜಿಪ್ಸಮ್‌ನ ಕ್ಯಾಲ್ಸಿಯಂ ಅದನ್ನು ಎಬ್ಬಿಸಿ ಕಳಿಸಿತು. ನನ್ನ ಹೊಲದಲ್ಲಿ ಸುಣ್ಣದ ರೂಪದಲ್ಲಿ ಇದ್ದದ್ದೇ ಕ್ಯಾಲ್ಸಿಯಂ! (ಹೂ ಬಿಡುವಾಗ ಶೇಂಗಾಕ್ಕೆ ಗಂಧಕಕ್ಕೋಸ್ಕರ ಹಾಕುವ ಜಿಪ್ಸಮ್ ಮಾತೇ ಬೇರೆ.)

ಮಣ್ಣು ಆರೋಗ್ಯ ಕಾರ್ಡ್ ತೆಗೆದು ನೋಡಿದೆ. ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ, 7ರ ಮೇಲೆ ಹೋದರೆ ಕ್ಷಾರ) 8.3 ಅಂತಿತ್ತು. ಆ ಕಾರ್ಡಿನಲ್ಲಿ 12 ಅಂಶ ಇರುತ್ತವೆ, ಸುಣ್ಣ ಎಷ್ಟಿದೆ ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಕೊನೆಗೆ ಹೊಲಕ್ಕೆ ಬಂದ ಕೃಷಿ ವಿಜ್ಞಾನಿಯೊಬ್ಬರು ಕುಕ್ಕರಗಾಲಲ್ಲಿ ಕೂತು ಒಂದು ಹೆಂಟೆಯ ಮೇಲೆ ಎರಡು ಹನಿ ಆಸಿಡ್ ಬಿಟ್ಟರು. ಚುರ್ ಅಂತ ಸೋಡಾದ ಹಾಗೆ ನೊರೆ ಎದ್ದಿತು, ಅಂದರೆ ಮಣ್ಣಲ್ಲಿ ಸುಣ್ಣ ಇದೆ ಅಂತ. ಆಮೇಲೆ ಒಂದು ಗಿಡ ಕಿತ್ತು ಕೈಗೆ ಕೊಟ್ಟರು. ತುದಿಯ ಹೊಸ ಎಲೆ ಹಳದಿ, ಅದರ ನರ ಮಾತ್ರ ಹಸಿರು. ಕೆಳಗಿನ ಹಳೆ ಎಲೆಗೆ ಏನೂ ಆಗಿರಲಿಲ್ಲ. ಸಾರಜನಕ ಕಡಿಮೆ ಆದರೆ ಮೊದಲು ಹಳದಿ ಆಗುವುದು ಹಳೆ ಎಲೆ. ಇದು ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಬೇಕಾದಷ್ಟಿದೆ, ಸುಣ್ಣ ಅದನ್ನು ಬೇರಿಗೆ ಸಿಗದ ಹಾಗೆ ಕಟ್ಟಿ ಹಾಕಿದೆ ಅಷ್ಟೆ.

ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ಮಣ್ಣಿಗೆ ಹಾಕಿದರೂ ಅದೇ ಗತಿ. ಎಲೆಗೇ ಹೊಡೆಯಬೇಕು: ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಸಿಡ್, ಬಿಸಿಲು ಇಳಿದ ಮೇಲೆ. ಹತ್ತು ದಿನ ಬಿಟ್ಟು ಮತ್ತೊಮ್ಮೆ. ಹರಳು ಹಸಿರಾಗಿರಬೇಕು, ಕಂದು ಬಣ್ಣಕ್ಕೆ ತಿರುಗಿದ್ದನ್ನು ತರಬೇಡಿ. ಅಂಗಡಿಯವರು ಮಣ್ಣಿಗೆ ಹಾಕಲು ಈಡಿಟಿಎ ಕಬ್ಬಿಣ (ಈಡಿಟಿಎ ಅನ್ನುವ ರಾಸಾಯನಿಕ ಹಿಡಿದಿಟ್ಟ ಕಬ್ಬಿಣ) ಕೊಟ್ಟರೂ ಬೇಡ ಅನ್ನಿ. ಇಂಥ ಪಿಎಚ್‌ನಲ್ಲಿ ಅದು ನಿಲ್ಲುವುದಿಲ್ಲ. ನಿಲ್ಲುವುದು ಈಡಿಡಿಎಚ್‌ಎ ಅನ್ನುವ ಇನ್ನೊಂದು ಬಗೆಯದ್ದು, ಆದರೆ ಅದರ ರೇಟು ಒಣಬೇಸಾಯಕ್ಕೆ ಗಿಟ್ಟುವಂಥದ್ದಲ್ಲ.

ನನಗೆ ಇದು ಗೊತ್ತಾಗುವಷ್ಟರಲ್ಲಿ ಹೂ ಬಂದಿತ್ತು. ಸುಳಿ ಹಸಿರಾಯಿತು, ಕಾಯಿ ಕಟ್ಟಲಿಲ್ಲ.

ಹೊಲ ಸಮ ಮಾಡಿಸಲೇಬೇಕು ಅಂದರೆ ಮೇಲಿನ ಕಪ್ಪು ಮಣ್ಣನ್ನು ಮೊದಲು ಬದಿಗೆ ಗುಡ್ಡೆ ಹಾಕಿಸಿ, ಕೆಲಸ ಮುಗಿದ ಮೇಲೆ ವಾಪಸ್ ಹರಡಿಸಿ. ಗಂಟೆ ಜಾಸ್ತಿ ಆಗುತ್ತೆ ಅಂತ ಜೆಸಿಬಿ ಡ್ರೈವರ್ ಗೊಣಗುತ್ತಾನೆ. ಗೊಣಗಲಿ ಬಿಡಿ.